ಮೊದಲು ಕಾಲಿನ ಪಟ್ಟಿ ಬಿಚ್ಚಿರಿ

ಬಸವಕಲ್ಯಾಣ
ಗುರುವಾರ, ಬೆಳಿಗ್ಗೆ

ಓಂಪ್ರಕಾಶನ ಅಪ್ಪನವರಿಗೆ ಶಕುಂತಲಾಬಾಯಿಯ ನಮಸ್ಕಾರಗಳು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಕಾಲಿನ ಪಟ್ಟಿ ಬಿಚ್ಚಿರಿ. ಅಂಗಡಿಯಲ್ಲಿ ಗಿರಾಕಿ ಇದ್ದರೆ ಇರಲಿ, ತೆಂಗಿನಕಾಯಿ ಅವರೇ ಆರಿಸಿಕೊಳ್ಳುತ್ತಾರೆ. ಈ ಪತ್ರ ಬದಿಗಿಟ್ಟು, ಕೂತು, ಬೆರಳಿನ ಬುಡದಿಂದ ಮೊಣಕಾಲಿನವರೆಗೆ ಸುತ್ತಿಕೊಂಡಿರುವ ಆ ಬಿಗಿ ಪಟ್ಟಿಯನ್ನು ಬಿಚ್ಚಿ, ಆಮೇಲೆ ಮುಂದೆ ಓದಿ.

ಬಿಚ್ಚಿಲ್ಲ, ಅಲ್ಲವೇ? ನಿಮ್ಮ ಜೊತೆ ಸಂಸಾರ ಮಾಡಿದವಳು ನಾನು, ಅಷ್ಟೂ ಗೊತ್ತಾಗುವುದಿಲ್ಲವೇ? ಪೂರ್ತಿ ಓದಿದ ಮೇಲೆ ನೋಡೋಣ ಅಂತ ಕನ್ನಡಕ ಸರಿಮಾಡಿಕೊಂಡಿರುತ್ತೀರಿ. ನಿಮ್ಮ ಈ ನೋಡೋಣವನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ನಿನ್ನೆ ಸಂಜೆ ಓಂಪ್ರಕಾಶ ಫೋನಿನಲ್ಲಿ ನಿಮಗೆ ಎಷ್ಟು ಹೇಳಿದನಂತೆ. ಅದಕ್ಕೆ ನೀವು ಕೊಟ್ಟ ಉತ್ತರವನ್ನು ಅವನು ನನಗೆ ಹಾಗೇ ಒಪ್ಪಿಸಿದ. "ವಾರ ಬಿಚ್ಚಬ್ಯಾಡ ಅಂತ ನಿಮ್ಮವ್ವ ಹೇಳ್ಯಾಳಂತ ನೀನೇ ಬಂದು ಹೇಳಿದಿ. ಆಕಿ ಮಾತು ಕೇಳಲಿಲ್ಲ ಅಂತ ಆರು ವರ್ಷ ಆತು ಮನಿ ಬಿಟ್ಟು ಹೋಗಿ. ಈಗ ಕೇಳಾಕತ್ತೇನಿ, ಬಿಚ್ಚು ಅಂತಿ. ಬಾಯಿಮಾತು ಸಾಕು. ಆಕೀನೇ ಬರದು ಕೊಡ್ಲಿ." ಇಡೀ ಜನ್ಮದಲ್ಲಿ ನನ್ನ ಮಾತು ಕೇಳದ ಮನುಷ್ಯ, ಕೇಳಬಾರದ ಒಂದೇ ಒಂದು ಮಾತನ್ನು ಇಷ್ಟು ನಿಷ್ಠೆಯಿಂದ ಕೇಳುತ್ತಾರೆ ಅಂದರೆ ನಾನು ಯಾವ ಗೋಡೆಗೆ ಹಣೆ ಬಡಿದುಕೊಳ್ಳಲಿ? ಇಗೋ, ಬರೆದು ಕೊಡುತ್ತಿದ್ದೇನೆ. ಕಟ್ಟಿರಿ ಅಂದವಳು ನಾನೇ, ಬಿಚ್ಚಿರಿ ಅನ್ನುವವಳೂ ನಾನೇ. ಅಕ್ಷರ ನನ್ನದೇ. ದಪ್ಪ ಅಕ್ಷರ ಅಂತ ನೀವು ನಗುತ್ತಿದ್ದಿರಲ್ಲ, ಅದೇ.

ಫೋನಿನಲ್ಲೇ ಹೇಳಬಹುದಿತ್ತು. ನಿನ್ನೆ ಹಚ್ಚಿದೆ ಕೂಡ. ನೀವು ಎತ್ತಿ "ಯಾರ್ರಿ" ಅಂದಿರಿ. ನನ್ನ ನಂಬರ ನಿಮ್ಮ ಫೋನಿನಲ್ಲಿ ಇಲ್ಲ ಅಂತ ಆಗ ಗೊತ್ತಾಯಿತು. ಸಿಟ್ಟು ನೆತ್ತಿಗೇರಿ ಇಟ್ಟುಬಿಟ್ಟೆ. ಬುದ್ಧಿ ಬಂದು ಮತ್ತೆ ಹಚ್ಚುವಷ್ಟರಲ್ಲಿ ನಿಮ್ಮ ಫೋನು ಬಂದ್. ಆ ಸಿಟ್ಟಿನ ಬಗ್ಗೆ ಈಗ ಬರೆಯುತ್ತ ಕೂಡುವ ಹೊತ್ತಲ್ಲ.

ಆದದ್ದು ಇಷ್ಟು. ನಿಮ್ಮ ಹುಣ್ಣು ಬೇರೆ, ನನ್ನ ಹುಣ್ಣು ಬೇರೆ. ನನ್ನ ಕಾಲನ್ನು ಮಾಯಿಸಿದ ಪಟ್ಟಿಯೇ ನಿಮ್ಮ ಕಾಲನ್ನು ತಿಂದು ಹಾಕುತ್ತದೆ. ಇದು ನನಗೆ ಗೊತ್ತಾದದ್ದು ನಿನ್ನೆ ಮಧ್ಯಾಹ್ನ, ಹುಮನಾಬಾದಿನ ದವಾಖಾನೆಯಲ್ಲಿ.

ನನ್ನ ಕಾಲು ಗುಣವಾಗಿದೆ ಅಂತ ಓಂಪ್ರಕಾಶ ಹೇಳಿರಬೇಕು. ಪೂರ್ತಿ ಮಾಯ್ದಿದೆ. ಆ ಜಾಗದಲ್ಲಿ ಕಂದು ಕಲೆ ಮಾತ್ರ ಉಳಿದಿದೆ. ಎಷ್ಟು ವರ್ಷ ಗೋಳಾಡಿದೆ ಅಂತ ನೀವೇ ನೋಡಿದ್ದೀರಿ. ನಮ್ಮ ಅಂಗಡಿಯಲ್ಲಿ ಊದಿನಕಡ್ಡಿ ಡಬ್ಬಿಯ ತಗಡು ಬಲಗಾಲಿನ ಒಳಮಗ್ಗುಲಿಗೆ, ಹರಡಿನ ಎಲುಬಿನ ಮೇಲೆ ತಾಗಿದ್ದು ಅಷ್ಟೇ. ಉಗುರಿನಷ್ಟು ಗಾಯ ಅಂಗೈಯಷ್ಟಾಯಿತು. ಒಬ್ಬರು ಅರಿಶಿನ ಅಂದರು, ಇನ್ನೊಬ್ಬರು ಬೇವಿನ ರಸ. ನೀವು ಯಾವುದೋ ಕೆಂಪು ಗುಳಿಗೆಯ ಪುಡಿ ಉದುರಿಸಿದಿರಿ. ನಾಗದೋಷ ಅಂದವರೂ ಇದ್ದರು. ಸಕ್ಕರೆ ಕಾಯಿಲೆ ಇರಬೇಕು ಅಂತ ನಿಮ್ಮ ಅಕ್ಕ ನನಗೆ ಹೋಳಿಗೆ ಬಿಡಿಸಿದರು. ರಕ್ತ ನೋಡಿಸಿದರೆ ಸಕ್ಕರೆ ಇಲ್ಲ. ಆದರೂ ಹೋಳಿಗೆ ಸಿಗಲಿಲ್ಲ. ಹೋದ ಹೋದ ದವಾಖಾನೆಯಲ್ಲಿ ಒಂದೊಂದು ಮುಲಾಮು ಬರೆದರು. ನಾನು ಕುರ್ಚಿಯ ಮೇಲೆ ಕೂತಿದ್ದೆ, ಅವರು ಹುಣ್ಣು ನೋಡಿದರು, ಚೀಟಿ ಹರಿದು ಕೊಟ್ಟರು. ಕಾಲು ನೋಡಿದವರು ಯಾರೂ ಇಲ್ಲ.

ಕೊನೆಗೆ ಈ ವರ್ಷ ಹುಮನಾಬಾದಿನಲ್ಲಿ ಸಿಕ್ಕವಳು ಡಾಕ್ಟರ್ ಸ್ನೇಹಲ ಅಂತ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಕೆ ಮೊದಲ ದಿನವೇ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಸೀರೆ ಮೊಣಕಾಲಿನವರೆಗೆ ಎತ್ತಿಸಿ, ಸುತ್ತಲೂ ತಿರುಗಿ ನೋಡಿದಳು. ಓಂಪ್ರಕಾಶ ಹುಟ್ಟಿದಾಗಿನಿಂದ ಮೊಣಕಾಲಿನ ಹಿಂದೆ ಗಂಟು ಗಂಟಾಗಿ ಉಬ್ಬಿದ್ದ ನರಗಳು, ಹರಡಿನ ಸುತ್ತ ಕಪ್ಪಿಟ್ಟು ಗಟ್ಟಿಯಾದ ಚರ್ಮ, ಸಂಜೆಗೆ ಬರುವ ಬಾವು, ತುರಿಕೆ, ಸದಾ ಸೋರುವ ನೀರು, ಎಲ್ಲವನ್ನೂ ನಾನು ಹೇಳುವ ಮೊದಲೇ ಆಕೆ ಹೇಳಿದಳು. ಕಾಲು ಎತ್ತಿ ಇಟ್ಟರೆ ಹಾಯ್ ಅನಿಸುತ್ತದಲ್ಲವೇ ಅಂತ ಕೇಳಿದಳು. ಹೌದು ಅಂದೆ. ಹುಣ್ಣು ಬರೀ ಬಾಯಿ, ರೋಗ ಇರುವುದು ನರದಲ್ಲಿ, ಅಂದಳು. ಮೇಲೆ ಹತ್ತಬೇಕಾದ ರಕ್ತ ಹತ್ತಲಾರದೆ ಕೆಳಗೇ ನಿಲ್ಲುತ್ತದಂತೆ. ದಿನವಿಡೀ ಅಂಗಡಿಯಲ್ಲಿ ನಿಂತು ಕಾಯಿ, ಕರ್ಪೂರ, ಹೂವು ಕೊಟ್ಟದ್ದಕ್ಕೆ ನನಗೆ ಸಿಕ್ಕ ಬಳುವಳಿ ಇದು. ಅದನ್ನು ಮೇಲೆ ಹತ್ತಿಸಲಿಕ್ಕೆ ಆ ಬಿಗಿ ಪಟ್ಟಿ. ಪದರ ಪದರವಾಗಿ ಕಟ್ಟುತ್ತಾರೆ, ವಾರಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಹುಣ್ಣು ಮುಚ್ಚಿಕೊಂಡಿತು.

ಹೌದು, ಪ್ರತಿ ವಾರ ಹುಮನಾಬಾದಿಗೆ ಬರುತ್ತಿದ್ದೆ. ಅಲ್ಲಿಂದ ಆಟೋದಲ್ಲಿ ಕೂತರೆ ನಮ್ಮ ಮಾಣಿಕನಗರ, ನಮ್ಮ ಅಂಗಡಿ, ಬಂದೇ ಬಿಡುತ್ತದೆ ಅಂತ ನನಗೂ ಗೊತ್ತು. ಬರಲಿಲ್ಲ. ಯಾಕೆ ಬರಲಿಲ್ಲ ಅಂತ ನಿಮಗೂ ಗೊತ್ತು.

ಹೋದ ಭಾನುವಾರ ಓಂಪ್ರಕಾಶ ಕಬ್ಬಿನ ಲಾರಿ ಹಳ್ಳಿಖೇಡದ ಕಾರ್ಖಾನೆಯಲ್ಲಿ ಬಿಟ್ಟು ಊಟಕ್ಕೆ ಬಂದಿದ್ದ. ನಾನು ರೊಟ್ಟಿ ಬಡಿಯುತ್ತಿದ್ದೆ. "ಅವ್ವಾ, ಅಪ್ಪಗೂ ನಿನ್ನಂಗೇ ಕಾಲಿಗೆ ಹುಣ್ಣಾಗ್ಯಾದ. ಮಾಯವಲ್ದು" ಅಂದ. ನಾನು ತಿರುಗಿ ನೋಡಲಿಲ್ಲ. ಯಾವ ಕಾಲು, ಎಲ್ಲಿ, ಎಂಥ ಬಣ್ಣ, ಒಂದೂ ಕೇಳಲಿಲ್ಲ. ಕೇಳಿದರೆ ನಿಮ್ಮನ್ನು ವಿಚಾರಿಸಿಕೊಂಡ ಹಾಗೆ ಆಗುತ್ತದಲ್ಲ! ನಿಮ್ಮ ಬಗ್ಗೆ ಕೇಳುವುದಿಲ್ಲ ಅಂತ ಪಣ ತೊಟ್ಟವಳು ನಾನು. ಊಟವಾದ ಮೇಲೆ ನನ್ನ ಹತ್ತಿರ ಉಳಿದಿದ್ದ ಪಟ್ಟಿ ಅವನ ಕೈಗೆ ಕೊಟ್ಟೆ. ನನ್ನ ಕಾಲಿನ ಮೇಲೆಯೇ ಸುತ್ತಿ ತೋರಿಸಿದೆ. ಬಿಗಿಯಾಗಿ ಕಟ್ಟು, ಸಡಿಲಾದರೆ ಏನೂ ಉಪಯೋಗವಿಲ್ಲ, ವಾರ ಬಿಚ್ಚಬಾರದು ಅಂತ ಗದರಿಸಿ ಕಳಿಸಿದೆ. ಸೋಮವಾರ ಅವನು ಕಟ್ಟಿದ. ನಾನು ಇಲ್ಲಿ ದೊಡ್ಡ ಉಪಕಾರ ಮಾಡಿದವಳ ಹಾಗೆ ಬೀಗುತ್ತ ಕೂತೆ.

ನಿನ್ನೆ ಮಾಯ್ದ ಕಾಲು ತೋರಿಸಲು ಹೋದಾಗ ಡಾಕ್ಟರ್ ಹತ್ತಿರವೂ ಅದೇ ಬೀಗು. "ನಮ್ಮ ಮನ್ಯಾವ್ರಿಗೂ ಪಟ್ಟಿ ಕಳಿಸೇನ್ರಿ" ಅಂದೆ. ಆಕೆ ಬರೆಯುವುದನ್ನು ನಿಲ್ಲಿಸಿದಳು. "ಅವ್ರ ಗಾಯ ಎಲ್ಲಿ ಅದರಿ? ಪಾದದ ನಾಡಿ ಯಾರು ನೋಡ್ಯಾರ? ಬೀಡಿ ಸೇದ್ತಾರೇನು?" ಮೂರಕ್ಕೂ ನನ್ನ ಹತ್ತಿರ ಉತ್ತರವಿತ್ತೇ? ಬೀಡಿಯ ಉತ್ತರ ಮಾತ್ರ ಇತ್ತು. ಅಲ್ಲಿಂದಲೇ ಓಂಪ್ರಕಾಶನಿಗೆ ಫೋನು ಹಚ್ಚಿಸಿದಳು. ಅವನು ಹೇಳುತ್ತಾ ಹೋದ, ಆಕೆಯ ಮುಖ ಬಿಗಿಯಾಗುತ್ತಾ ಹೋಯಿತು.

ಎಡಗಾಲಿನ ಹೆಬ್ಬೆರಳಿಗೆ ಹೊಸ ಚಪ್ಪಲಿ ಕಚ್ಚಿ ಆದ ಗಾಯವಂತೆ. ನೀರಿಲ್ಲ, ಒಣಗಿದ ಹುಣ್ಣು, ಚುಚ್ಚಿ ತೆಗೆದ ಹಾಗೆ ಆಳ, ಅಂಚು ಕಪ್ಪು. ಪಾದ ತಣ್ಣಗೆ. ಕಾಲಿನ ಮೇಲಿನ ಕೂದಲು ಉದುರಿ ಚರ್ಮ ಮಿರಿಮಿರಿ ಮಿಂಚುತ್ತದಂತೆ. ಮಲಗಿದರೆ ನೋವು ಜಾಸ್ತಿ, ಅದಕ್ಕೆ ಕುರ್ಚಿಯಲ್ಲೇ ಕಾಲು ಇಳಿಬಿಟ್ಟು ನಿದ್ದೆ ಮಾಡುತ್ತೀರಂತೆ. ಮಠಕ್ಕೆ ಹೋಗುವ ದಾರಿಯಲ್ಲಿ ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು, ಯಾವುದೋ ಬೋರ್ಡು ಓದುವವರ ಹಾಗೆ ನಿಂತುಬಿಡುತ್ತೀರಂತೆ. ಹುಟ್ಟಿದಾಗಿನಿಂದ ಇರುವ ಊರಿನ ಬೋರ್ಡು ಓದುತ್ತ ನಿಂತರೆ ಯಾರು ನಂಬುತ್ತಾರೆ? ಇಷ್ಟು ದಿನ ಇದನ್ನೆಲ್ಲ ನೋಡಿಯೂ ಮಗನಿಗೆ ಹೇಳಬೇಕು ಅನಿಸಿಲ್ಲ, ಕೇಳಬೇಕು ಅಂತ ನನಗೂ ಅನಿಸಿಲ್ಲ. ಅವನು ಪಾಪ ಇಬ್ಬರ ನಡುವೆ ಡಬ್ಬಿ ಹೊರುವ ಕೆಲಸ ಮಾಡಿಕೊಂಡಿದ್ದಾನೆ.

ಡಾಕ್ಟರ್ ನನಗೆ ತಿಳಿಯುವ ಹಾಗೆ ಹೇಳಿದಳು. "ನಿಮ್ದು ಮೋರಿ ಕಟ್ಕೊಂಡ ಮನಿರಿ ಬಾಯಿ. ಅವರ್ದು ನಳಾನೇ ಬಂದ್ ಆದ ಮನಿ. ಹನಿ ಹನಿ ಬರೋ ನೀರಿಗೂ ನೀವು ಹಗ್ಗ ಬಿಗಿದೀರಿ." ನಿಮ್ಮ ಪಾದಕ್ಕೆ ರಕ್ತ ಇಳಿಸುವ ನಾಳವೇ ಬೀಡಿಯಿಂದ ಕಿರಿದಾಗಿರಬೇಕು, ಮಿಷನ್ ಹಚ್ಚಿ ನೋಡಬೇಕು ಅಂದಳು. ಅಂಥ ಕಾಲಿಗೆ ಬಿಗಿ ಪಟ್ಟಿ ಕಟ್ಟಿದರೆ ಬೆರಳು ಸಾಯುತ್ತದೆ, ಆಮೇಲೆ ಪಾದ. ಇವತ್ತೇ ಬಿಚ್ಚಬೇಕು, ಕೂಡಲೇ ಕರೆದುಕೊಂಡು ಬರಬೇಕು. ಬೇಗ ಬಂದರೆ ಕಲಬುರಗಿಗೋ ಸೊಲ್ಲಾಪುರಕ್ಕೋ ಕಳಿಸಿ ನಾಳ ಬಿಡಿಸುವ ದಾರಿ ನೋಡಬಹುದಂತೆ. ತಡವಾದರೆ ಏನು ಅಂತ ನಾನು ಕೇಳಿದೆ. ಆಕೆ ಉತ್ತರ ಹೇಳಿದಳು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಆಸ್ಪತ್ರೆಯಿಂದ ಹೊರಗೆ ಬಂದು ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಿಮ್ಮ ಮೇಲೆ, ಓಂಪ್ರಕಾಶನ ಮೇಲೆ, ಹುಣ್ಣು ಕಂಡರೆ ಮುಲಾಮು ಬರೆಯುವ ಎಲ್ಲ ಡಾಕ್ಟರುಗಳ ಮೇಲೆ, ನನ್ನ ಮೇಲೆ ಎಲ್ಲಕ್ಕಿಂತ ಜಾಸ್ತಿ. ಈಗಲೂ ಅದೇ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಪೆನ್ನು ಹಾಳೆಯನ್ನು ಹರಿಯುತ್ತಿದೆ.

ನಾನು ಯಾಕೆ ಇಷ್ಟೆಲ್ಲ ಹಚ್ಚಿಕೊಂಡಿದ್ದೇನೆ ಅಂತ ತಪ್ಪು ತಿಳಿಯಬೇಡಿ. ನಾಳೆ ಏನಾದರೂ ಆದರೆ ಹೆಂಡತಿ ಕಳಿಸಿದ ಪಟ್ಟಿಯಿಂದ ಕಾಲು ಹೋಯಿತು ಅಂತ ನಿಮ್ಮ ಅಕ್ಕ ಮಠದ ಮುಂದೆ ನಿಂತು ಹೇಳುತ್ತಾರೆ. ಆ ಮಾತು ನನಗೆ ಬೇಡ, ಅಷ್ಟೇ.

ಇನ್ನೊಂದು ಸಂಗತಿ. ಹೇಳದಿದ್ದರೆ ನಿದ್ದೆ ಬರುವುದಿಲ್ಲ. ನೀವು ಈಗ ಬೆಳಿಗ್ಗೆಯಿಂದ ಅಂಗಡಿ ಮುಚ್ಚುವವರೆಗೆ ಊದಿನಕಡ್ಡಿ ಆರಲು ಬಿಡುವುದಿಲ್ಲ, ಒಂದು ಮುಗಿಯುವ ಮೊದಲೇ ಇನ್ನೊಂದು ಹಚ್ಚುತ್ತೀರಿ ಅಂತ ಓಂಪ್ರಕಾಶ ಭಾನುವಾರವೇ ಹೇಳಿದ್ದ. ಅಪ್ಪನಿಗೆ ಭಕ್ತಿ ಜಾಸ್ತಿಯಾಗಿದೆ ಅಂದುಕೊಂಡಿದ್ದಾನೆ. ನನಗೆ ಕೂಡಲೇ ಗೊತ್ತಾಯಿತು. ವಾಸನೆಗೆ ಅಲ್ಲವೇ? ಗಿರಾಕಿಯ ಮೂಗಿಗೆ ಬಡಿಯಬಾರದು ಅಂತ. ಮೊದಲು ನಗು ಬಂತು, ಸುಳ್ಳು ಹೇಳುವುದಿಲ್ಲ. ಆರು ವರ್ಷದ ಹಿಂದೆ ಒಂದು ಗುರುವಾರ, ಅಂಗಡಿಯ ತುಂಬ ಜನ ಇದ್ದಾಗ, ಪುಣೆ ಕಡೆಯಿಂದ ಬಂದ ಹೆಣ್ಣುಮಗಳೊಬ್ಬಳು ನನ್ನ ಹುಣ್ಣಿನ ವಾಸನೆಗೆ ಮೂಗಿಗೆ ಸೆರಗು ಹಿಡಿದಳು. ನೀವು ನನ್ನ ಮುಖ ನೋಡದೆ "ಗಿರಾಕಿ ಬರ್ತಾರ, ನೀ ಒಳಗ ಹೋಗಿ ಕೂಡು" ಅಂದಿರಿ. ನಾನು ಕಟ್ಟಿದ ಹೂವಿನ ಹಾರಗಳು ನನ್ನ ಕೈಯಲ್ಲೇ ಇದ್ದವು. ಒಳಗೆ ಹೋಗಿ ಕೂಡಲಿಲ್ಲ, ತಂಗಿ ಮೀನಾಳ ಮನೆಗೆ ಬಸ್ಸು ಹತ್ತಿದೆ. ನೀವು ಬಂದು ಕರೆಯುವವರೆಗೆ ಆ ಮೆಟ್ಟಿಲು ತುಳಿಯುವುದಿಲ್ಲ ಅಂದುಕೊಂಡೆ. ನೀವು ಬರಲಿಲ್ಲ.

ಆ ಮಾತಿನ ನೋವು ಹುಣ್ಣಿಗಿಂತ ಜಾಸ್ತಿಯಿತ್ತು. ಹುಣ್ಣು ಇರುವವರಿಗೆ ತಮ್ಮ ವಾಸನೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಬೇರೆಯವರು ಹೇಳುವ ಅಗತ್ಯವಿಲ್ಲ. ಈಗ ನಿಮಗೂ ಅದು ಗೊತ್ತಾಗಿದೆ. ಗೊತ್ತಾಗಲಿ ಅಂತ ನಾನು ಎಷ್ಟೋ ಸಲ ಬಯಸಿದ್ದೆ. ಗೊತ್ತಾಗಿದೆ ಅಂತ ಕೇಳಿದ ಮೇಲೆ ನನ್ನ ನಗು ಬಹಳ ಹೊತ್ತು ಉಳಿಯಲಿಲ್ಲ. ಊದಿನಕಡ್ಡಿಯ ಹೊಗೆಯ ನಡುವೆ ಒಬ್ಬರೇ ಕಾಲು ಇಳಿಬಿಟ್ಟು ಕೂತ ನಿಮ್ಮ ಮುಖ ಕಣ್ಣಿಗೆ ಕಟ್ಟಿತು. ಅದಕ್ಕೇ ಪಟ್ಟಿ ಕಳಿಸಿದೆ ಅಂತಲ್ಲ. ಉಳಿದಿತ್ತು, ಕಳಿಸಿದೆ.

ಈಗ ಮಾಡಬೇಕಾದ್ದು ಕೇಳಿ. ಮೇಲಿನ ಬಿಗಿ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿ. ಕೆಳಗಿನ ಹತ್ತಿ ಹುಣ್ಣಿಗೆ ಅಂಟಿದ್ದರೆ ಜಗ್ಗಬೇಡಿ, ಹಾಗೇ ಇರಲಿ, ದವಾಖಾನೆಯಲ್ಲಿ ನೆನೆಸಿ ತೆಗೆಯುತ್ತಾರೆ. ಕಾಲು ತಣ್ಣಗಿದೆ ಅಂತ ಬಿಸಿನೀರಿನಲ್ಲಿ ಇಳಿಬಿಡಬೇಡಿ, ಸುಟ್ಟರೂ ನಿಮಗೆ ತಿಳಿಯುವುದಿಲ್ಲ. ಕಪ್ಪಾದ ಚರ್ಮವನ್ನು ಬ್ಲೇಡಿನಿಂದ ಕೆರೆಯಬೇಡಿ. ನನಗೆ ಎತ್ತಿಟ್ಟುಕೋ ಅಂದ ಕಾಲನ್ನು ನೀವು ಎತ್ತಿಡಬೇಡಿ, ನಿಮ್ಮದಕ್ಕೆ ಅದು ಆಗುವುದಿಲ್ಲ. ಬೀಡಿ ಕಟ್ಟನ್ನು ಈಗಲೇ ಮೋರಿಗೆ ಎಸೆಯಿರಿ. ಇದನ್ನು ನಾನು ಮದುವೆಯಾದ ವರ್ಷದಿಂದ ಹೇಳುತ್ತಿದ್ದೇನೆ, ಆಗ ಬಾಯಿಮಾತಾಗಿತ್ತು. ಈಗ ಬರೆದು ಕೊಟ್ಟಿದ್ದೇನೆ.

ಓಂಪ್ರಕಾಶ ಕಾರ್ಖಾನೆಯ ಗೇಟಿನಲ್ಲಿ ಸಾಲಿನಲ್ಲಿ ನಿಂತಿದ್ದಾನೆ, ಲೋಡು ಇಳಿಯದೆ ಲಾರಿ ಬಿಟ್ಟು ಬರಲಾರ. ಅದಕ್ಕೆ ಈ ಪತ್ರವನ್ನು ಹುಮನಾಬಾದಿನ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಪೀರ್ ಪಾಷಾ ಇಸಿದುಕೊಂಡು ನಿಮಗೆ ತಲುಪಿಸುತ್ತಾನೆ. ಪ್ರತಿ ವಾರ ನನ್ನನ್ನು ದವಾಖಾನೆಗೆ ಬಿಡುತ್ತಿದ್ದ ಆಟೋದವನು, ನಂಬಿಗಸ್ತ. ಅದೇ ಆಟೋದಲ್ಲಿ ಹತ್ತಿ ಹೊರಡಿ. ಡಾಕ್ಟರ್ ಹತ್ತಿರ ಇವತ್ತಿನ ಪಾಳಿಗೆ ನಿಮ್ಮ ನಂಬರ ಹಚ್ಚಿಸಿದ್ದೇನೆ. ಯಜಮಾನರ ಹೆಸರೇನು ಅಂತ ಕೇಳಿದರು. ಇಷ್ಟು ವರ್ಷ ಬಾಯಿಗೆ ಬಾರದ ಹೆಸರನ್ನು ಆ ಕೌಂಟರಿನ ಮುಂದೆ, ಇಡೀ ದವಾಖಾನೆ ಕೇಳುವ ಹಾಗೆ ಹೇಳಿಬಂದಿದ್ದೇನೆ. ಅದನ್ನಾದರೂ ವ್ಯರ್ಥ ಮಾಡಬೇಡಿ.

ಅಂಗಡಿಯ ಚಿಂತೆ ಬೇಡ. ಒಂದು ಗುರುವಾರ ನೀವಿಲ್ಲದಿದ್ದರೆ ಮಠದಲ್ಲಿ ಪ್ರಭುಗಳ ಪೂಜೆ ನಿಲ್ಲುವುದಿಲ್ಲ.

ಇಷ್ಟು ಬರೆದು ನಿಲ್ಲಿಸುವ, ಇನ್ನೂ ಸಿಟ್ಟು ಇಳಿಯದ,
ಶಕುಂತಲಾಬಾಯಿ

ತಾ. ಕ.: ಪೆನ್ನಿನ ಬಣ್ಣ ಬೇರೆ ಇದೆ, ಇದು ಪೀರ್ ಪಾಷಾನ ಪೆನ್ನು. ಕಂಡಕ್ಟರನ ಕೈಗೆ ಪತ್ರ ಕೊಡಲಿಕ್ಕೆ ಬಸ್ಸು ಹತ್ತಿದೆ. ಇಳಿಯಬೇಕು ಅನ್ನುವಷ್ಟರಲ್ಲಿ ಬಸ್ಸು ಬಿಟ್ಟಿತು ಅಂತ ಬರೆಯಬಹುದಿತ್ತು, ಆದರೆ ನಾನು ಇಳಿಯಲು ಎದ್ದೇ ಇರಲಿಲ್ಲ. ದಾರಿಯಲ್ಲಿ ರಾಜೇಶ್ವರ ಊರು ದಾಟುವವರೆಗೆ ಕಂಡಕ್ಟರ್ ಟಿಕೆಟ್ ಕೇಳಿದ್ದೂ ನನಗೆ ಕೇಳಿಸಲಿಲ್ಲ.

ಈಗ ಆಟೋದ ಹಿಂದಿನ ಸೀಟಿನಲ್ಲಿ, ನಿಮ್ಮ ಅಂಗಡಿಯ ಎದುರಿಗೇ ಇದ್ದೇನೆ. ನೀವು ಕಾಣುತ್ತಿದ್ದೀರಿ. ಬಹಳ ಇಳಿದುಹೋಗಿದ್ದೀರಿ. ಯಾರಿಗೋ ಕಾಯಿ ಕೊಡಲು ಎದ್ದು, ಕಂಬ ಹಿಡಿದು ನಿಂತಿರಿ. ಪಟ್ಟಿ ನಾನು ಹೇಳಿಕೊಟ್ಟ ಹಾಗೆಯೇ ಇದೆ, ಒಂದು ಸುತ್ತೂ ಸಡಿಲಾಗಿಲ್ಲ. ಪಟ್ಟಿ ಉಳಿದಿತ್ತು ಅಂತ ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಭಾನುವಾರ ಓಂಪ್ರಕಾಶನನ್ನು ಊಟಕ್ಕೆ ಕೂಡಿಸಿ, ಓಡಿಹೋಗಿ ನಿಮಗೆಂದೇ ಹೊಸದು ಕೊಂಡು ತಂದದ್ದು.

ನಿಮಗೆ ಬಗ್ಗಲು ಆಗುವುದಿಲ್ಲ ಅಂತ ಇಲ್ಲಿಂದಲೇ ಕಾಣುತ್ತಿದೆ. ಪತ್ರ ಓದಿ ತಲೆ ಎತ್ತಿದರೆ ಆಟೋ ಕಾಣುತ್ತದೆ. ಕರೆಯಿರಿ. ಕರೆಯದಿದ್ದರೂ ಬರುತ್ತೇನೆ, ಪಣ ಹಾಳಾಗಿ ಹೋಗಲಿ. ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಕೂತು, ಗಿರಾಕಿಗಳೆಲ್ಲ ನೋಡುತ್ತಿರುವಾಗಲೇ ನಿಮ್ಮ ಕಾಲು ತೊಡೆಯ ಮೇಲೆ ಇಟ್ಟುಕೊಂಡು ನಾನೇ ಬಿಚ್ಚುತ್ತೇನೆ. ಒಳಗೆ ಹೋಗೋಣ ಅಂತ ಮಾತ್ರ ಅನ್ನಬೇಡಿ.